ಹೆಣೆದದ್ದನ್ನ ಹಂಚ್ಕೊಳ್ಳೋದು ಹೇಗೆ?

ಶಾಲು ಮುಗೀತು, ಕೊನೇ ಕುಣಿಕೆ ಎಳೆದು ನೂಲು ಕತ್ತರಿಸಿದ್ರಿ, ಕೈ ತಡೀದೆ ಮೊಬೈಲ್ ತಗೊಂಡು ಒಂದು ಫೋಟೊ ಹೊಡೆದು ಹೆಣಿಗೆ ಗೆಳತಿಯರಿಗೆ ಕಳಿಸೇ ಬಿಟ್ರಿ. ಸೂಪರ್, ಚೆನ್ನಾಗಿದೆ ಅಂತೆಲ್ಲ ಬರುತ್ತೆ, ಖುಷಿನೂ ಆಗುತ್ತೆ, ಆದ್ರೆ ಅದರ ಹಿಂದೇನೇ ಪ್ರಶ್ನೆಗಳು ಶುರು. ಯಾವ ನೂಲು, ಎಷ್ಟನೇ ನಂಬರ್ ಕಡ್ಡಿ, ಎಷ್ಟು ಸ್ಟಿಚ್ ಹಾಕ್ಕೊಂಡ್ರಿ, ಅಂಚು ಹೇಗೆ ತಂದ್ರಿ... ಅಷ್ಟೊತ್ತಿಗೆ ನೂಲಿನ ಪಟ್ಟಿ ಕಸಕ್ಕೆ ಹೋಗಿ ಎರಡು ವಾರ ಆಗಿರುತ್ತೆ. ತೋರಿಸೋದು ಬೇರೆ, ಹಂಚ್ಕೊಳ್ಳೋದು ಬೇರೆ. ನೋಡಿದವರು ತಾವೂ ಕೂತು ಅದನ್ನ ಹೆಣೆಯೋಕೆ ಆಗ್ಬೇಕು, ನನಗಂತೂ ಹಂಚ್ಕೊಳ್ಳೋದು ಅಂದ್ರೆ ಅದೇ, ಮತ್ತೆ ಅದಕ್ಕೆ ತಯಾರಿ ಶುರುವಾಗೋದು ಮೊದಲ ಸಾಲು ಹಾಕೋ ದಿನ.

ಮೊದಲ ದಿನದ ಕೆಲಸ

ನೂಲಿನ ಉಂಡೆ ಮೇಲಿರೋ ಕಾಗದದ ಪಟ್ಟೀನ ಎಸೀಬೇಡಿ, ಅಥವಾ ಅದರ ಫೋಟೊನಾದ್ರೂ ತೆಗೆದಿಟ್ಕೊಳ್ಳಿ. ಅದರಲ್ಲಿ ನಾರು ಯಾವುದು, ಎಷ್ಟು ಗ್ರಾಂಗೆ ಎಷ್ಟು ಮೀಟರ್, ಒಗೆಯೋದು ಹೇಗೆ, ಡೈ ಲಾಟ್ ನಂಬರ್ ಎಷ್ಟು ಅಂತ ಎಲ್ಲ ಇರುತ್ತೆ. ಡೈ ಲಾಟ್ ಅಂದ್ರೆ ಒಂದೇ ಸಲ ಬಣ್ಣದಲ್ಲಿ ಅದ್ದಿದ ನೂಲು, ಒಂದೇ ಬಣ್ಣದ ಹೆಸರಿದ್ರೂ ಲಾಟ್ ಬೇರೆ ಆದ್ರೆ ಸ್ವೆಟರ್ ಮಧ್ಯದಲ್ಲಿ ಗೆರೆ ಹಾಕಿದ ಹಾಗೆ ಕಾಣೋ ಸಾಧ್ಯತೆ ಇದೆ. ನೂಲಿನ ದಪ್ಪಕ್ಕೆ 0ಯಿಂದ 7ರವರೆಗೆ ನಂಬರ್ ಕೊಡೋ ಪದ್ಧತಿ ಇದೆ, 0 ಅಂದ್ರೆ ಲೇಸ್ ನೂಲು, ಡಿಕೆ ಅಂತ ಕರೆಯೋದು 3, ವರ್ಸ್ಟೆಡ್ 4, 7 ಅಂದ್ರೆ ಹಗ್ಗದಂಥ ಜಂಬೋ. ಈ ನಂಬರ್ ಜೊತೆಗೆ 100 ಗ್ರಾಂಗೆ ಎಷ್ಟು ಮೀಟರ್ ಅಂತಾನೂ ಬರೀರಿ, ಆ ಬ್ರಾಂಡ್ ಸಿಗದೇ ಇರೋರು ಅದರಿಂದಾನೇ ಬದಲಿ ನೂಲು ಹುಡುಕ್ಕೋಬಹುದು. ಪಟ್ಟಿ ಕಳೆದುಹೋದ್ರೆ ಸ್ಕೇಲಿಗೆ ನೂಲನ್ನ ಎಳೀದೆ ಒತ್ತೊತ್ತಾಗಿ ಸುತ್ತಿ ಒಂದು ಇಂಚಿಗೆ ಎಷ್ಟು ಸುತ್ತು ಕೂತಿದೆ ಅಂತ ಎಣಿಸಿ ಹೇಳಿ, ಸುತ್ತು ಹೆಚ್ಚಾದಷ್ಟೂ ನೂಲು ಸಣ್ಣ.

ಎಷ್ಟು ನೂಲು ಖರ್ಚಾಯ್ತು ಅನ್ನೋದು ಎಲ್ಲರೂ ಕೇಳೇ ಕೇಳ್ತಾರೆ, ಅದಕ್ಕೆ ಉಂಡೆ ಎಣಿಸೋದಕ್ಕಿಂತ ತೂಕ ಹಾಕೋದು ವಾಸಿ. 100 ಗ್ರಾಂ ಉಂಡೇಲಿ 200 ಮೀಟರ್ ಇತ್ತು, ಕೊನೇಲಿ 30 ಗ್ರಾಂ ಉಳೀತು ಅಂದ್ರೆ ಬಳಸಿದ್ದು 140 ಮೀಟರ್. ಅಷ್ಟೇ ಲೆಕ್ಕ.

ಕಡ್ಡಿ ಮತ್ತು ಹುಕ್ ಅಳತೆನ ಮಾತ್ರ ದಯವಿಟ್ಟು ಮಿಲಿಮೀಟರಲ್ಲೇ ಹೇಳಿ. 8ನೇ ನಂಬರ್ ಕಡ್ಡಿ ಅಂದ್ರೆ ಅಮೆರಿಕದ ಲೆಕ್ಕದಲ್ಲಿ 5 ಮಿ.ಮೀ., ಹಳೇ ಬ್ರಿಟಿಷ್ ಲೆಕ್ಕದಲ್ಲಿ 4 ಮಿ.ಮೀ. 10ನೇ ನಂಬರ್ ಅಂತೂ ಅಲ್ಲಿ 6 ಮಿ.ಮೀ., ಇಲ್ಲಿ 3.25, ಯಾಕಂದ್ರೆ ಅಮೆರಿಕದಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ದಪ್ಪ ಆಗುತ್ತೆ, ಹಳೇ ಬ್ರಿಟಿಷ್ ಪದ್ಧತೀಲಿ ಸಣ್ಣ ಆಗುತ್ತೆ. ಕ್ರೋಶಾದಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಇದೆ. ಅಮೆರಿಕದವರು ಸಿಂಗಲ್ ಅನ್ನೋದನ್ನ ಬ್ರಿಟನ್ನಿನವರು ಡಬಲ್ ಅಂತಾರೆ, ಅಮೆರಿಕದವರ ಡಬಲ್ ಇವರಿಗೆ ಟ್ರೆಬಲ್. ಹಾಗಾಗಿ ಬರೀ ಡಬಲ್ ಅಂತ ಬರೆದ್ರೆ ಓದೋರು ಎತ್ತರ ಅರ್ಧಂಬರ್ಧ ಬಂದ ಒಂದು ಚೌಕ ಹಿಡ್ಕೊಂಡು ಎಲ್ಲಿ ತಪ್ಪಾಯ್ತು ಅಂತ ಹುಡುಕ್ತಾ ಕೂತಿರ್ತಾರೆ. ಯಾವ ದೇಶದ ಪದ ಬಳಸ್ತಿದೀನಿ ಅಂತ ಮೊದಲ ಸಾಲಲ್ಲೇ ಹೇಳ್ಬಿಡಿ. ಬೇರೆಯವರ ಪ್ಯಾಟರ್ನ್ ಓದುವಾಗ ಒಂದು ಸುಳಿವು: ಸಿಂಗಲ್ ಅನ್ನೋ ಪದ ಎಲ್ಲಾದ್ರೂ ಕಂಡ್ರೆ ಅದು ಅಮೆರಿಕದ್ದು, ಬ್ರಿಟಿಷ್ ಪದಗಳಲ್ಲಿ ಸಿಂಗಲ್ ಅನ್ನೋದು ಸಾಮಾನ್ಯವಾಗಿ ಇರೋದೇ ಇಲ್ಲ.

ಗೇಜ್ ಹೇಳದೆ ಅಳತೆ ಹೇಳ್ಬೇಡಿ

ಗೇಜ್ ಅಂದ್ರೆ 10 ಸೆಂ.ಮೀ.ಗೆ ನಿಮ್ಮ ಕೈಯಲ್ಲಿ ಎಷ್ಟು ಸ್ಟಿಚ್ ಬರುತ್ತೆ ಅನ್ನೋ ಲೆಕ್ಕ. 200 ಸ್ಟಿಚ್ ಹಾಕ್ದೆ, ನನಗೆ ಸರಿಯಾಯ್ತು ಅಂತ ಹೇಳಿದ್ರೆ ಕೇಳಿದವರಿಗೆ ಏನೂ ಉಪಯೋಗ ಇಲ್ಲ. ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ 20 ಸ್ಟಿಚ್ ಬಂದ್ರೆ 200 ಸ್ಟಿಚ್ಚಿನ ಸ್ವೆಟರ್ ಸುತ್ತಳತೆ 100 ಸೆಂ.ಮೀ., ಅದೇ ನೂಲು ಅದೇ ಕಡ್ಡಿ ಇಟ್ಕೊಂಡು ಬಿಗಿ ಕೈಯವರೊಬ್ಬರು 22 ಸ್ಟಿಚ್ ತಂದ್ರೆ ಅವರದ್ದು ಸುಮಾರು 91 ಸೆಂ.ಮೀ.ಗೆ ನಿಲ್ಲುತ್ತೆ. ಬರೀ 2 ಸ್ಟಿಚ್ ವ್ಯತ್ಯಾಸಕ್ಕೆ 9 ಸೆಂ.ಮೀ. ಹೋಯ್ತು, ತಿಂಗಳುಗಟ್ಟಲೆ ಹೆಣೆದ ಸ್ವೆಟರ್ ತಲೇಲಿ ಇಳಿಯಲ್ಲ! ಅದಕ್ಕೇ ಸುಮಾರು 15 ಸೆಂ.ಮೀ. ಚೌಕದ ಒಂದು ತುಣುಕು ಹೆಣೆದು, ಸ್ವೆಟರನ್ನ ಹೇಗೆ ಒಗೀತೀರೋ ಹಾಗೇ ಅದನ್ನೂ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಅಳೆದು ಆ ಸಂಖ್ಯೆ ಹೇಳಿ. ಒಗೆಯೋದನ್ನ ತಪ್ಪಿಸಬೇಡಿ, ಮೆಷಿನ್ನಿನಲ್ಲಿ ಒಗೆಯೋಕಾಗೋ ಹಾಗೆ ಸಂಸ್ಕರಿಸಿದ ಸೂಪರ್‌ವಾಶ್ ಉಣ್ಣೆ ನೀರಲ್ಲಿ ಸಡಿಲವಾಗಿ ಹಿಗ್ಗುತ್ತೆ, ಒಗೆಯೋಕೆ ಮುಂಚಿನ ಅಳತೆ ಮೋಸ ಮಾಡುತ್ತೆ.

ಆಮೇಲೆ ಫೋಟೊ

ಬ್ಲಾಕ್ ಮಾಡೋಕೆ, ಅಂದ್ರೆ ನೀರು ಇಲ್ಲಾ ಹಬೆ ಕೊಟ್ಟು ಹೆಣಿಗೇನ ಆಕಾರಕ್ಕೆ ತರೋಕೆ, ಮುಂಚೆ ಫೋಟೊ ತೆಗೀಬೇಡಿ, ಅದರಲ್ಲೂ ಲೇಸ್ ಆದ್ರೆ ಖಂಡಿತ ಬೇಡ, ಕಡ್ಡಿಯಿಂದ ಇಳಿಸಿದ ಲೇಸ್ ಸುಕ್ಕುಗಟ್ಟಿದ ಬಟ್ಟೆ ಥರ ಇರುತ್ತೆ, ಡಿಸೈನ್ ಕಾಣೋದೇ ಇಲ್ಲ. ಉಣ್ಣೆ ಆದ್ರೆ ಉಗುರುಬೆಚ್ಚಗಿನ ನೀರಲ್ಲಿ 15–20 ನಿಮಿಷ ನೆನೆಸಿ, ಉಜ್ಜದೆ, ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಆಕಾರಕ್ಕೆ ಎಳೆದು ಪಿನ್ ಚುಚ್ಚಿ ಒಣಗೋಕೆ ಬಿಡಿ. ಬಿಸಿನೀರಲ್ಲಿ ಉಜ್ಜಿದ್ರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತೆ, ಮತ್ತೆ ವಾಪಸ್ ತರೋಕಾಗಲ್ಲ. ಅಕ್ರಿಲಿಕ್‌ಗೆ ದೂರದಿಂದ ಹಬೆ ಸಾಕು, ಇಸ್ತ್ರಿಪೆಟ್ಟಿಗೆ ತಾಗಿಸಿದ್ರೆ ಪ್ಲಾಸ್ಟಿಕ್ ಕರಗಿ ಹೆಣಿಗೆ ಸತ್ತುಹೋಗುತ್ತೆ.

ಹಗಲಲ್ಲಿ ಕಿಟಕಿ ಪಕ್ಕ, ನೇರ ಬಿಸಿಲಿಲ್ಲದ ಕಡೆ, ಫ್ಲಾಶ್ ಆಫ್. ಬೆಳಕು ಒಂದು ಬದಿಯಿಂದ ಬಂದ್ರೆ ಜಡೆ ಥರ ಹೆಣೆದ ಕೇಬಲ್‌ಗಳ ಏರಿಳಿತಕ್ಕೆ ನೆರಳು ಬಿದ್ದು ಎದ್ದು ಕಾಣುತ್ತೆ. ಕೆಂಪು ನೂಲು ಮೊಬೈಲಲ್ಲಿ ಉರಿಯೋ ಹಾಗೆ ಬಂದು ಸ್ಟಿಚ್ಚೇ ಮಾಯ ಆಗುತ್ತೆ, ಬ್ರೈಟ್‌ನೆಸ್ ಸ್ವಲ್ಪ ಇಳಿಸಿ ತೆಗೀರಿ. ಪೂರ್ತಿ ಉಡುಪಿನದ್ದು ಒಂದು, ಸ್ಟಿಚ್ ಹತ್ತಿರದಿಂದ ಒಂದು, ಹಿಂಬದಿಯದ್ದು ಒಂದು. ಹಿಂಬದಿ ಯಾರೂ ತೋರಿಸಲ್ಲ, ಆದ್ರೆ ಎರಡು ಬಣ್ಣದ ಹೆಣಿಗೇಲಿ ನೂಲನ್ನ ಹೇಗೆ ಸಾಗಿಸಿದೀರಿ ಅಂತ ಕಲಿಯೋರಿಗೆ ಗೊತ್ತಾಗೋದೇ ಅಲ್ಲಿಂದ, ಆದ್ದರಿಂದ ತೋರಿಸಿ.

ಪ್ಯಾಟರ್ನ್ ಯಾರದ್ದು?

ಇದು ಬೇಜಾರಾಗೋ ವಿಷಯ, ಆದ್ರೂ ಹೇಳ್ಬೇಕು. ದುಡ್ಡು ಕೊಟ್ಟು ತಗೊಂಡ ಪಿಡಿಎಫ್ ಪ್ಯಾಟರ್ನನ್ನ ಪ್ರೀತಿಯಿಂದಾನೇ ಆದ್ರೂ ಹತ್ತು ಜನಕ್ಕೆ ಫಾರ್ವರ್ಡ್ ಮಾಡೋದು ತಪ್ಪು. ಬರೆದ ಸೂಚನೆ, ಚಾರ್ಟ್, ಫೋಟೊ ಇವೆಲ್ಲ ಬರೆದವರದ್ದು, ತಿಂಗಳುಗಟ್ಟಲೆ ಹೆಣೆದು ಬಿಚ್ಚಿ, ಬೇರೆ ಬೇರೆ ಸೈಜಿಗೆ ಲೆಕ್ಕ ಹಾಕಿ ಬರೆದಿರ್ತಾರೆ, ಅವರ ಸಂಪಾದನೆ ಅದು. ಡಿಸೈನರ್ ಹೆಸರು, ಪ್ಯಾಟರ್ನ್ ಹೆಸರು ಹೇಳಿ, ಎಲ್ಲಿ ಸಿಗುತ್ತೆ ಹೇಳಿ, ನೀವು ಏನು ಬದಲಾಯಿಸಿದ್ರಿ ಅದನ್ನ ಧಾರಾಳವಾಗಿ ಹೇಳಿ: ತೋಳು 4 ಸೆಂ.ಮೀ. ಉದ್ದ ಮಾಡಿದೆ, ಕಾಲರ್ ಬಿಟ್ಟೆ, ಹೀಗೆ. ಸ್ಟಿಚ್ ಮಾತ್ರ ಯಾರ ಸ್ವತ್ತೂ ಅಲ್ಲ, ಗ್ರಾನಿ ಸ್ಕ್ವೇರನ್ನಾಗಲಿ ಗಾರ್ಟರ್ ಸ್ಟಿಚ್ಚನ್ನಾಗಲಿ ಯಾರಿಗೆ ಬೇಕಾದ್ರೂ ಕಲಿಸಿ. ಹೆಸರಾಂತ ಹೆಣಿಗೆಗಾರ್ತಿ ಎಲಿಜಬೆತ್ ಝಿಮ್ಮರ್‌ಮನ್ ತನಗೆ ಹೊಳೆದ ತಂತ್ರಗಳಿಗೆ ಇನ್ವೆಂಟ್ ಅನ್ನದೆ ಅನ್‌ವೆಂಟ್ ಅನ್ನೋ ಪದ ಬಳಸ್ತಿದ್ರು, ಅಂದ್ರೆ ಇಷ್ಟು ಹಳೇ ಕಲೇಲಿ ಇದು ಯಾರಿಗೋ ಎಲ್ಲೋ ಮುಂಚೇನೇ ಹೊಳೆದಿರಬಹುದು, ನಾನು ಮತ್ತೆ ಕಂಡ್ಕೊಂಡೆ ಅಷ್ಟೇ ಅಂತ. ಆ ಮಾತು ನನಗೆ ತುಂಬಾ ಇಷ್ಟ.

ಅರ್ಧಕ್ಕೆ ನಿಂತಿದ್ದನ್ನೂ ಹಂಚ್ಕೊಳ್ಳಿ

ಮುಗಿದದ್ದು ಮಾತ್ರ ತೋರಿಸ್ಬೇಕು ಅಂತೇನಿಲ್ಲ. ಎಲ್ಲೋ ಸಿಕ್ಕಿಹಾಕ್ಕೊಂಡಿದ್ರೆ ಎರಡೂ ಬದಿಯ ಫೋಟೊ, ಎಷ್ಟನೇ ಸಾಲು, ಆ ಸಾಲಿನ ಸೂಚನೆ ಏನಿದೆ, ಕಡ್ಡಿ ಮೇಲೆ ಈಗ ಎಷ್ಟು ಸ್ಟಿಚ್ ಇದೆ, ಇಷ್ಟು ಒಟ್ಟಿಗೆ ಕಳಿಸಿದ್ರೆ ಸಹಾಯ ಮಾಡೋರು ತಪ್ಪನ್ನ ಬೇಗ ಹಿಡೀತಾರೆ. ಉತ್ತರ ಬರೋವರೆಗೂ ಬಿಚ್ಚೋಕೆ ಹೋಗ್ಬೇಡಿ. ಮುಂದಿನ ಸಲಕ್ಕೆ ಲೈಫ್‌ಲೈನ್ ಹಾಕೋ ಅಭ್ಯಾಸ ಮಾಡ್ಕೊಳ್ಳಿ, ಸರಿ ಇದೆ ಅಂತ ಗೊತ್ತಿರೋ ಸಾಲಿನ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ಸಣ್ಣ ನೂಲು ದಾಟಿಸಿಟ್ರೆ ಎಷ್ಟು ಬಿಚ್ಚಿದ್ರೂ ಅಲ್ಲಿಗೆ ಬಂದು ನಿಲ್ಲುತ್ತೆ. ಬೇರೆಯವರ ಕೆಲಸದಲ್ಲಿ ತಪ್ಪು ಕಂಡ್ರೆ, ಅವರು ಕೇಳದೆ ಹೇಳ್ಬೇಡಿ.

ಎಲ್ಲರೂ ಸೇರಿ ಒಂದು ಹೊದಿಕೆ ಮಾಡೋದಾದ್ರೆ 15 ಸೆಂ.ಮೀ. ಚೌಕಗಳು 48 ಬೇಕು, 6 ಅಡ್ಡಕ್ಕೆ 8 ಉದ್ದಕ್ಕೆ, 90ಕ್ಕೆ 120 ಸೆಂ.ಮೀ. ಬರುತ್ತೆ. ನೂಲಿನ ದಪ್ಪ ಮತ್ತು ನಾರು ಎಲ್ಲರದ್ದೂ ಒಂದೇ ಇರಲಿ, ಇಲ್ಲಾಂದ್ರೆ ಒಗೆದಾಗ ಒಂದು ಚೌಕ ಕುಗ್ಗಿ ಪಕ್ಕದ್ದು ಹಾಗೇ ಇರುತ್ತೆ. ಸ್ಟಿಚ್ ಎಷ್ಟು ಅಂತ ಹೇಳ್ಬೇಡಿ, ಅಳತೆ ಹೇಳಿ, ಮತ್ತೆ ಜೋಡಿಸೋರೊಬ್ಬರೇ ಎಲ್ಲ ಚೌಕಕ್ಕೂ ಕೊನೇ ಸುತ್ತು ಹಾಕಿದ್ರೆ ಬಿಗಿ ಕೈ ಸಡಿಲ ಕೈ ವ್ಯತ್ಯಾಸ ಅಲ್ಲೇ ಸರಿಹೋಗುತ್ತೆ.

ಇನ್ನು ನೀವು ಮುಗಿಸಲ್ಲ ಅಂತ ಖಾತ್ರಿಯಾದ ಕೆಲಸ ಇದ್ರೆ ಅದನ್ನೂ ಕೊಟ್ಬಿಡಿ. ಕುಣಿಕೆಗಳನ್ನ ಬೇಡದ ನೂಲಿಗೆ ದಾಟಿಸಿ ಗಂಟು ಹಾಕಿ, ಉಳಿದ ನೂಲು, ಕಡ್ಡಿ ಅಳತೆ, ಸಾಲಿನ ನಂಬರ್ ಬರೆದ ಚೀಟಿ ಜೊತೆಗಿಡಿ. ನನಗೆ ಹೀಗೆ ಒಬ್ಬರಿಂದ ಅರ್ಧ ಕುಲಾವಿ ಬಂದಿತ್ತು, ಚೀಟೀಲಿ 3.5 ಮಿ.ಮೀ., 24ನೇ ಸಾಲು ಮುಗಿದಿದೆ, ಇನ್ನು ಸ್ಟಿಚ್ ಕಡಿಮೆ ಮಾಡ್ತಾ ಹೋಗೋದು, ನನ್ನ ಕೈ ಸ್ವಲ್ಪ ಬಿಗಿ ಅಂತ ಇತ್ತು. ನಾನು ಒಂದು ಸೈಜ್ ಚಿಕ್ಕ ಕಡ್ಡಿ ತಗೊಂಡು ಶುರು ಮಾಡಿದೆ, ಅವರ ಸಾಲು ಎಲ್ಲಿ ನಿಂತು ನನ್ನದು ಎಲ್ಲಿ ಶುರುವಾಯ್ತು ಅಂತ ಇವತ್ತು ನನಗೇ ಹುಡುಕೋಕಾಗಲ್ಲ.