ಬೀಟರ್ ಹಿಡಿದ ಮೇಲೆ ಗೊತ್ತಾಯಿತು

ನಾನು ಹಳಿ ನೋಡಿಕೊಳ್ಳುವ ಕೆಲಸಕ್ಕೆ ಸೇರುವಷ್ಟರಲ್ಲಿ ಮಷೀನ್ ಕಾಲ ಬಂದಾಗಿತ್ತು. ಟ್ಯಾಂಪಿಂಗ್ ಮಷೀನ್ ಬರುತ್ತದೆ, ಹಳಿಯನ್ನು ಎತ್ತಿ ಹಿಡಿಯುತ್ತದೆ, ಉಕ್ಕಿನ ಬೆರಳುಗಳನ್ನು ಜಲ್ಲಿಯೊಳಗೆ ಇಳಿಸಿ ಹಳಿಯನ್ನು ಹೊತ್ತ ಅಡ್ಡ ತೊಲೆಗಳ, ಅಂದರೆ ಸ್ಲೀಪರುಗಳ, ಕೆಳಗೆ ಗಟ್ಟಿಯಾಗಿ ತುಂಬಿ ಮುಂದಕ್ಕೆ ಹೋಗುತ್ತದೆ. ನಮ್ಮದು ಹಿಂದಿನಿಂದ ಅಳತೆ ನೋಡಿಕೊಂಡು ನಡೆಯುವ ಕೆಲಸ. ಹಳೇ ಗ್ಯಾಂಗ್‌ನವರು ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದರು ಅಂತ ಯಾರೋ ಹೇಳಿದಾಗ ಹೌದಾ ಅಂದು ಸುಮ್ಮನಾಗಿದ್ದೆ.

ಆಮೇಲೆ ಒಂದು ಹಳೇ ಸೈಡಿಂಗ್, ಅಂದರೆ ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ, ನನ್ನ ಪಾಲಿಗೆ ಬಂತು. ಮರದ ಸ್ಲೀಪರ್, 13 ಮೀಟರಿಗೊಂದು ಫಿಶ್ ಪ್ಲೇಟ್ (ಹಳಿಗಳ ತುದಿ ಕೂಡಿಸುವ ಉಕ್ಕಿನ ಪಟ್ಟಿ) ಜಾಯಿಂಟ್, ಜಾಯಿಂಟಿನ ಹತ್ತಿರವೆಲ್ಲ ತಗ್ಗು. ಅಷ್ಟು ಚಿಕ್ಕ ಜಾಗಕ್ಕೆ ಮಷೀನ್ ತರಿಸುವ ಹಾಗಿರಲಿಲ್ಲ. ನಿವೃತ್ತರಾದ ಒಬ್ಬ ಮೇಟ್, ಅಂದರೆ ಗ್ಯಾಂಗಿನ ಯಜಮಾನರು, ಎರಡು ದಿನ ಬಂದು ಹೇಳಿಕೊಡಲು ಒಪ್ಪಿದರು. ನಾವು ನಾಲ್ಕು ಜನ, ನಾಲ್ಕು ಬೀಟರ್. ಬೀಟರ್ ಅಂದರೆ ಪಿಕಾಸಿಯ ತಮ್ಮ ಅನ್ನಿ, ಒಂದು ತುದಿ ಚೂಪು, ಇನ್ನೊಂದು ಮೊಂಡು.

ಅವರು ಬಂದವರೇ ಮೊದಲು ಮಾಡಿದ್ದು ಕುಕ್ಕರುಗಾಲಲ್ಲಿ ಕೂತದ್ದು. ತಗ್ಗಿನಿಂದ ಇಪ್ಪತ್ತು ಮೀಟರ್ ದೂರದಲ್ಲಿ ಕೂತು, ತಲೆಯನ್ನು ಹಳಿಯ ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿದರು. ನೋಡಬೇಕಾದ್ದು ಹಳಿಯ ಹೊಳೆಯುವ ಮೇಲ್ಭಾಗವನ್ನಲ್ಲ. ಚಕ್ರ ಸವೆಸಿರುತ್ತದಲ್ಲ, ಕಣ್ಣಿಗೆ ಮೋಸವಾಗುತ್ತದೆ. ಹಳಿಯ ತಲೆಯ ಕೆಳಗಿನ ಅಂಚನ್ನು ನೋಡಬೇಕು, ಅದು ಒಂದು ಗೆರೆಯ ಹಾಗೆ ಉದ್ದಕ್ಕೆ ಹೋಗುತ್ತದೆ, ಎಲ್ಲಿ ಗೆರೆ ಜೋತು ಬಿದ್ದಿದೆಯೋ ಅಲ್ಲೇ ತಗ್ಗು. "ಅರ್ಧ ಬೆರಳು ಸಾರ್" ಅಂದರು. ನಂಬದೆ ಲೆವೆಲ್ ಇಟ್ಟು ನೋಡಿದೆ. 8 ಮಿಲಿಮೀಟರ್.

ಪ್ಯಾಕಿಂಗ್, ಅಂದರೆ ಸ್ಲೀಪರ್ ಕೆಳಗೆ ಜಲ್ಲಿ ತುಂಬುವುದು, ಶುರುವಾಯಿತು. ಒಂದು ಸ್ಲೀಪರಿಗೆ ನಾಲ್ಕು ಜನ, ಒಂದೊಂದು ಹಳಿಯ ಹತ್ತಿರ ಇಬ್ಬರು. ಆ ಇಬ್ಬರೂ ಸ್ಲೀಪರಿನ ಎರಡು ಬದಿಯಿಂದ ಒಂದೇ ಸಲ ಹೊಡೆಯಬೇಕು, ಇಲ್ಲವಾದರೆ ಒಬ್ಬ ಒಳಗೆ ತಳ್ಳಿದ ಜಲ್ಲಿ ಇನ್ನೊಂದು ಕಡೆಯಿಂದ ಹೊರಗೆ ಬಂದುಬಿಡುತ್ತದೆ. ಕೇಳಲು ಸುಲಭ. ಹತ್ತನೇ ಏಟಿಗೆ ನನ್ನ ತಾಳ ತಪ್ಪಿತು, ಬೀಟರ್ ಸ್ಲೀಪರಿನ ಅಂಚಿಗೆ ಬಿದ್ದು ಮೊಳಕೈವರೆಗೂ ಜುಮ್ಮೆಂದಿತು. ಮೂರನೇ ಸ್ಲೀಪರ್ ಮುಗಿಯುವಾಗ ಅಂಗೈಯಲ್ಲಿ ಬೊಬ್ಬೆ. ಒಂದು ಕಿಲೋಮೀಟರಿಗೆ ಸಾವಿರಕ್ಕೂ ಜಾಸ್ತಿ ಸ್ಲೀಪರ್ ಇರುತ್ತವೆ, ಲೆಕ್ಕ ಹಾಕಿಕೊಳ್ಳಿ.

ನಾನು ಮಾಡಿದ ದೊಡ್ಡ ತಪ್ಪು ಬೇರೆಯೇ. ಚೆನ್ನಾಗಿರಲಿ ಅಂತ ಸ್ಲೀಪರಿನ ನಡುಭಾಗವನ್ನೂ ಗಟ್ಟಿಯಾಗಿ ತುಂಬಿದೆ. ಯಜಮಾನರು ನೋಡಿ ತಲೆ ಚಚ್ಚಿಕೊಂಡರು. ಭಾರ ಬೀಳುವುದು ಹಳಿಯ ಕೆಳಗೆ, ಗಟ್ಟಿ ಇರಬೇಕಾದ್ದೂ ಅಲ್ಲೇ. ನಡುವೆ ಗಟ್ಟಿಯಾದರೆ ಸ್ಲೀಪರ್ ಹೊಟ್ಟೆಯ ಮೇಲೆ ಕೂತು ತಕ್ಕಡಿಯ ಹಾಗೆ ತೂಗಾಡುತ್ತದೆ, ಕೊನೆಗೆ ನಡುವೆಯೇ ಮುರಿಯುತ್ತದೆ. "ಹೊಟ್ಟೆ ಸಡಿಲ ಬಿಡಿ ಸಾರ್" ಅಂತ ನನ್ನ ಕೈಯಲ್ಲೇ ಜಲ್ಲಿ ಮತ್ತೆ ತೆಗೆಸಿದರು. ಓದಿದ್ದೆ ನಾನು ಇದನ್ನು, ಪರೀಕ್ಷೆಯಲ್ಲಿ ಬರೆದೂ ಇದ್ದೆ!

ಜಾಯಿಂಟ್ ಬಿಚ್ಚಿದ್ದು ಎರಡನೇ ದಿನ. ಫಿಶ್ ಪ್ಲೇಟ್ ತೆಗೆದು, ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ಗ್ರಾಫೈಟ್ ಮತ್ತು ಎಣ್ಣೆ ಹಚ್ಚಿ ಮತ್ತೆ ಕೂರಿಸುವುದು. ಗ್ರೀಸ್ ಕೈಗೆ ಮೆತ್ತಿಕೊಳ್ಳುವ ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ. 13 ಮೀಟರಿನ ಹಳಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಜಾಯಿಂಟ್ ತುಕ್ಕು ಹಿಡಿದು ಅಂಟಿಕೊಂಡರೆ ಆ ಉದ್ದ ಎಲ್ಲಿಗೆ ಹೋಗಬೇಕು? ಹಳಿ ಪಕ್ಕಕ್ಕೆ ಬಾಗುತ್ತದೆ. ಅದಕ್ಕೇ ಬಿಸಿಲುಗಾಲಕ್ಕೆ ಮೊದಲೇ ಈ ಕೆಲಸ ಮುಗಿಯಬೇಕಿತ್ತು. ಈಗ ಹಳಿಗಳನ್ನು ಉದ್ದಕ್ಕೆ ಬೆಸೆದುಬಿಟ್ಟಿರುವುದರಿಂದ ಜಾಯಿಂಟುಗಳ ಕಾಟ ಎಷ್ಟೋ ಕಮ್ಮಿ. ಆಗ ಗ್ಯಾಂಗಿನವರ ಅರ್ಧ ಆಯಸ್ಸು ಜಾಯಿಂಟಿನಲ್ಲೇ ಕಳೆಯುತ್ತಿತ್ತು.

ಹಳಿಯನ್ನು ಪಕ್ಕಕ್ಕೆ ಸರಿಸಿ ನೇರ ಮಾಡುವಾಗ ಹಾರೆ ಹಾಕಿದೆವು. ಒಬ್ಬೊಬ್ಬರೇ ಮೀಟಿದರೆ ಕೂದಲೆಳೆಯಷ್ಟೂ ಅಲುಗಲ್ಲ. ಯಜಮಾನರು "ಐಸಾ" ಅಂದಾಗ ಎಲ್ಲರೂ ಒಟ್ಟಿಗೆ ಮೀಟಿದೆವು, ಜರುಗಿತು. ಅಮೆರಿಕದಲ್ಲಿ ಗ್ಯಾಂಡಿ ಡ್ಯಾನ್ಸರ್ ಅಂತ ಕರೆಯುತ್ತಿದ್ದುದು ಇಂಥ ಗ್ಯಾಂಗಿನವರನ್ನೇ. ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಿನವರು ಕಪ್ಪು ಜನ. ಹಾಡು ಹೇಳಲಿಕ್ಕೇ ಒಬ್ಬ ಇರುತ್ತಿದ್ದ, ಆ ತಾಳಕ್ಕೆ ಹಾರೆ. ಅಂಥ ಇಬ್ಬರು ಹಾಡುಗಾರರಿಗೆ, ಜಾನ್ ಮೀಲಿಂಗ್ ಮತ್ತು ಕಾರ್ನೀಲಿಯಸ್ ರೈಟ್ ಅವರಿಗೆ, 1996ರಲ್ಲಿ ಅಲ್ಲಿನ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಕೊಟ್ಟರು. ಮೊದಲು ಓದಿದಾಗ ಕೆಲಸದ ಬೇಸರ ಕಳೆಯಲು ಹಾಡುತ್ತಿದ್ದರೇನೋ ಅಂದುಕೊಂಡಿದ್ದೆ. ಬೇಸರಕ್ಕೂ ಹೌದು, ಆದರೆ ಹಾಡು ಒಂದು ಉಪಕರಣವೂ ಆಗಿತ್ತು ಅಂತ ತಿಳಿದದ್ದು ಹಾರೆ ಹಿಡಿದ ಮೇಲೆ.

ಸಂಜೆ ಹೊತ್ತಿಗೆ ಮೂರು ಜಾಯಿಂಟ್ ಮುಗಿದವು. ಮರದ ಕೊಡತಿಯಲ್ಲಿ ಪ್ರತಿ ಸ್ಲೀಪರನ್ನೂ ತಟ್ಟಿ ನೋಡಿದೆ. ಗಟ್ಟಿ ಇದ್ದರೆ ಸದ್ದು ಬಿಗಿಯಾಗಿ ಬರುತ್ತದೆ, ಕೆಳಗೆ ಟೊಳ್ಳಿದ್ದರೆ ಡಬ್ ಅನ್ನುತ್ತದೆ. ನನ್ನ ಕಿವಿಗೆ ಎಲ್ಲವೂ ಗಟ್ಟಿ. ಖುಷಿಯಾಗಿ ವ್ಯಾಗನ್‌ಗಳನ್ನು ನಿಧಾನಕ್ಕೆ ಬಿಡಿಸಿದೆ. ಯಜಮಾನರು ಹಳಿಗೆ ಬೆನ್ನು ಹಾಕಿ ಚಪ್ಪಲಿಯೊಳಗಿನ ಕಲ್ಲು ಕೊಡವುತ್ತಿದ್ದರು, ವ್ಯಾಗನ್ ಕಡೆ ತಿರುಗಿಯೂ ನೋಡಲಿಲ್ಲ.

"ಎರಡನೇ ಜಾಯಿಂಟ್ ದಾಟಿ ಮೂರನೇ ಸ್ಲೀಪರು" ಅಂದರು.

ಹೋಗಿ ಮತ್ತೆ ತಟ್ಟಿದೆ. ಡಬ್. ಅದರ ಆ ಬದಿ ಹೊಡೆದಿದ್ದು ನಾನೇ. ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಸಲ ಬೀಟರ್ ಎತ್ತಿದೆ. ಈ ಸಲ ಎದುರು ಬದಿಗೆ ಅವರೇ ನಿಂತರು.