ಉದ್ರಿ ಪುಸ್ತಕ ಇಟ್ಟುಕೊಂಡು ಎರಡನೇ ಭಾಗ ಬರೆದೆ

ಕನ್ನಡದಲ್ಲಿ ಫ್ಯಾಂಟಸಿ ಕಾದಂಬರಿಯ ಎರಡನೇ ಭಾಗ ಓಡಲ್ಲ ಅಂದವರೇ ಜಾಸ್ತಿ. ನನ್ನದು ಓಡಿತು. 500 ಪ್ರತಿ ಎಂಟೊಂಬತ್ತು ತಿಂಗಳಲ್ಲಿ ಹೆಚ್ಚುಕಡಿಮೆ ಖಾಲಿ.

ಕಥೆಯ ಎಳೆ ಸಿಕ್ಕಿದ್ದು ಶರಾವತಿ ಹಿನ್ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರುಗಳ ಜೊತೆ ಹಳೆಯ ಮಡೆನೂರು ಅಣೆಕಟ್ಟೆಯೂ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಎದ್ದು ನಿಲ್ಲುತ್ತದೆ. ನನ್ನ ಕಾದಂಬರಿಯಲ್ಲಿ ಹಾಗೆ ಏಳುವುದು ಒಂದಿಡೀ ಊರು. ದೋಣಿಯ ಗಂಗೆ, ಅವಳ ಗೆಳೆಯ ತಿಮ್ಮ ಅಲ್ಲಿಗೆ ಹೋಗುತ್ತಾರೆ. ಮೊದಲ ಭಾಗ ಅಷ್ಟೇ.

ಎರಡನೆಯದರಲ್ಲಿ ಎರಡು ಸಲ ಮುಗ್ಗರಿಸಿದೆ. ಮೊದಲು ಗಂಗೆಗೆ ಹೊಸ ಹೊಸ ಮಂತ್ರ ಕೊಡುತ್ತಾ ಹೋದೆ. ಮಂತ್ರ ಬೆಳೆಯಿತು, ಹುಡುಗಿ ಇದ್ದಲ್ಲೇ ಇದ್ದಳು. ತಿಮ್ಮ ಬುತ್ತಿ ಹೊರುವ ಆಳಾದ. ಸುಮಾರು 300 ಪುಟ ರದ್ದಿಗೆ. ಆಮೇಲೆ ತಿಮ್ಮನನ್ನು ದ್ರೋಹಿ ಮಾಡಿದೆ. ನನ್ನ ತಂಗಿ ಓದಿ, "ಇವನ್ಯಾರೋ ತಿಮ್ಮನ ಹೆಸರು ಕದ್ದವನು" ಅಂದಳು.

ಅಪ್ಪನ ಅಂಗಡಿಯ ಉದ್ರಿ ಪುಸ್ತಕ ಕೈಗೆ ಸಿಕ್ಕಿದ್ದು ಆಗ. ಖಾಲಿ ಹಾಳೆಯ ಎಡಕ್ಕೆ ಗಂಗೆ, ಬಲಕ್ಕೆ ತಿಮ್ಮ ಅಂತ ಬರೆದೆ. ತಿಮ್ಮ ಅವಳನ್ನು ಸುಳಿಯಿಂದ ಎಳೆದು ಉಳಿಸಿದ್ದು ಗಂಗೆಯ ಬಾಕಿ. ಅವಳ ಅಣ್ಣ ಬದುಕಿದ್ದಾನೆಂದು ಗೊತ್ತಿದ್ದೂ ಬಾಯಿಬಿಡದ್ದು ತಿಮ್ಮನ ಬಾಕಿ. ಅಧ್ಯಾಯ ಮುಗಿದಾಗ ಒಂದು ಬಾಕಿಯಾದರೂ ಏರಬೇಕು, ಇಲ್ಲವೇ ಇಳಿಯಬೇಕು. ಎರಡೂ ಆಗದಿದ್ದರೆ ಅಧ್ಯಾಯ ಹೊರಗೆ. ಜಲಭೂತದ ಹೊಡೆದಾಟಕ್ಕೆ 20 ದಿನ ಕೂತಿದ್ದೆ. ಅದೂ ಹೀಗೇ ಹೋಯಿತು. ಹೊಟ್ಟೆ ಉರಿಯಿತು ಬಿಡಿ.

"ಗೆಳೆತನದಲ್ಲಿ ಲೆಕ್ಕವೇ?" ಎಂದು ಹಿರಿಯ ಕಥೆಗಾರರೊಬ್ಬರು ನಕ್ಕರು. ಪಂಪನ ಕರ್ಣ ಇಟ್ಟಿದ್ದೂ ಲೆಕ್ಕವೇ ಅಲ್ವಾ? ಕರ್ಣನ ಜೊತೆಗಿನ ನೆತ್ತದಾಟದಲ್ಲಿ, ಅಂದರೆ ಪಗಡೆಯಲ್ಲಿ, ತನ್ನ ಹೆಂಡತಿ ಭಾನುಮತಿಯ ಹಾರ ಹರಿದಾಗ ದುರ್ಯೋಧನ ಅನುಮಾನಪಡದೆ, ಮುತ್ತು ಆಯ್ದುಕೊಡಲೇ ಅಂದ. ಕರ್ಣ ಅದನ್ನು ಮರೆಯಲೇ ಇಲ್ಲ. ನನ್ನ ಗಂಗೆಯೂ ಒಂದು ಕಡೆ ತಿಮ್ಮನನ್ನು ಕೇಳಬೇಕಾದ ಪ್ರಶ್ನೆ ಕೇಳುವುದಿಲ್ಲ. ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ ಜಾಗ ಅದು.

ಯಾವ ಬಾಕಿಯನ್ನು ತೀರಿಸದೆ ಕೊನೆಯ ಪುಟಕ್ಕೆ ಒಯ್ಯಬೇಕು ಅನ್ನುವುದಕ್ಕೆ ಬೇರೆಯೇ ಒಂದು ಉಪಾಯ ಇದೆ. ಅದನ್ನು ಈಗ ಹೇಳಲ್ಲ, ಮೂರನೇ ಭಾಗ ಬರೆಯಬೇಕಲ್ಲ.

ನಡುವೆ ಇನ್ನೊಂದು ಆಟ ಆಡಿದೆ. ಸಾಗರದ ಬಸ್ಸಿನಲ್ಲಿ ಗಂಗೆ, ತಿಮ್ಮ ಇಬ್ಬರ ಮಾತನ್ನೂ ನಾನೇ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಪಕ್ಕದ ಸೀಟಿನವರು ಎದ್ದು ಹೋದರು. ಇಬ್ಬರೂ ಥೇಟ್ ನನ್ನ ಹಾಗೇ ಮಾತಾಡುತ್ತಿದ್ದರು! ಆಮೇಲೆ ಗಂಗೆಗೆ ಪ್ರಶ್ನೆಗೆ ಪ್ರಶ್ನೆ ಹಾಕುವ ಚಾಳಿ ಕೊಟ್ಟೆ. ತಿಮ್ಮ ಮಾತನ್ನು ಅರ್ಧಕ್ಕೇ ಬಿಡುತ್ತಾನೆ.

ಇನ್ನು ದುಡ್ಡು. ಡೆಮಿ ಅಳತೆ, 240 ಪುಟ, ಎಲ್ಲ ಸೇರಿ 60 ಸಾವಿರದ ಹತ್ತಿರ. ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವಾಗ, ನನ್ನ ಯೂನಿಕೋಡ್ ಅಕ್ಷರಗಳನ್ನು 'ನುಡಿ' ತಂತ್ರಾಂಶದ ಅಕ್ಷರಗಳಿಗೆ ತಿರುಗಿಸಿದಾಗ ಅರ್ಕಾವತ್ತುಗಳು ಚೆಲ್ಲಾಪಿಲ್ಲಿ. ನಾನೂ ಸರಿಯಾಗಿ ನೋಡಲಿಲ್ಲ. 16 ಪುಟದ ಒಂದು ಫಾರಂ ಮತ್ತೆ ಅಚ್ಚು ಹಾಕಿಸಿ ಆರೇಳು ಸಾವಿರ ದಂಡ ತೆತ್ತೆ. ಬೆಲೆ 250 ರೂಪಾಯಿ, ಅಂಗಡಿಯವರಿಗೆ ಶೇ. 40 ಕಮಿಷನ್. ಅಂಚೆಯಲ್ಲಿ ನೇರ ಕಳಿಸಿದ ನೂರು ಚಿಲ್ಲರೆ ಪ್ರತಿಯೇ ನನ್ನನ್ನು ಉಳಿಸಿದ್ದು. ಕೈಗೆ ಹದಿನೈದು ಸಾವಿರ ಉಳಿದಿರಬಹುದು.

ಎರಡನೇ ಸಲದ ಪ್ರೂಫ್ ಪೂರ್ತಿ ನೋಡಿದವಳು ತಂಗಿ. ಅವಳಿಗಿನ್ನೂ ಏನೂ ಕೊಟ್ಟಿಲ್ಲ. ಅದೇ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ನನ್ನ ಹೆಸರು ಬರೆದಿಟ್ಟಿದ್ದಾಳೆ.