ಮನೆಯವರು ಜೈಲಿನಲ್ಲಿದ್ದರೆ ಭೇಟಿಗೆ ಹೋಗುವುದು ಹೇಗೆ?

ಸಕಲೇಶಪುರದಿಂದಲೋ ಮೂಡಿಗೆರೆಯಿಂದಲೋ ತೋಟದ ಕೂಲಿ ಬಿಟ್ಟು ಬಂದವರು ಜೈಲಿನ ಗೇಟಿನಿಂದಲೇ ವಾಪಸಾಗುವುದು ಸಂಕಟದ ಸಂಗತಿ. ನೋಡಬೇಕಾದವರನ್ನು ಆ ದಿನ ಕೋರ್ಟಿಗೆ ಕರೆದೊಯ್ದಿರಬಹುದು, ಶಿಕ್ಷೆಯಾದವರಾದರೆ ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲಾ ಕಾರಾಗೃಹದಿಂದ ಕೇಂದ್ರ ಕಾರಾಗೃಹಕ್ಕೆ ಕಳುಹಿಸಿರಬಹುದು. ಆದ್ದರಿಂದ ಹೊರಡುವ ಮೊದಲು ವಾಯಿದೆ ಯಾವತ್ತು ಎಂದು ವಕೀಲರನ್ನು ಕೇಳಿ. ಅವರು ಸಿಗದಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ನಂಬರ್ ಹಾಕಿ ನೋಡಿ.

ಭೇಟಿಗೆ ಇ-ಮುಲಾಖಾತ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದು. ನಿಮ್ಮ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ, ಬಂದಿಯೊಂದಿಗಿನ ಸಂಬಂಧ ತುಂಬಿ, ಜೈಲು ಮತ್ತು ದಿನಾಂಕ ಆರಿಸಿ. ಖುದ್ದು ಭೇಟಿಯೋ ವಿಡಿಯೊ ಕರೆಯೋ ಎಂಬುದನ್ನೂ ಅಲ್ಲೇ ಗುರುತು ಮಾಡಬೇಕು. ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಜೈಲಿನ ದಾಖಲೆಯಲ್ಲಿ ‘ಮಂಜುನಾಥ’ ಎಂದಿದ್ದು ನೀವು ‘ಮಂಜ’ ಎಂದು ಬರೆದರೆ ತಾಳೆಯಾಗುವುದಿಲ್ಲ. ರಿಮ್ಯಾಂಡ್ ಕಾಗದದಲ್ಲಿ (ಜೈಲಿಗೆ ಕಳುಹಿಸಲು ಕೋರ್ಟ್ ಕೊಟ್ಟ ಆದೇಶ) ಇರುವಂತೆಯೇ ತಂದೆಯ ಹೆಸರನ್ನೂ ಸೇರಿಸಿ ಬರೆಯಿರಿ. ಇನ್ನೊಂದು ಮಾತು: ನೋಂದಣಿ ಸಂಖ್ಯೆ ಬಂದ ಮಾತ್ರಕ್ಕೆ ಅನುಮತಿ ಸಿಕ್ಕಿತು ಅಂತಲ್ಲ. ಜೈಲಿನವರು ಒಪ್ಪಿದ್ದಾರೆಯೇ ಎಂದು ನೋಡಿಕೊಂಡೇ ಬಸ್ ಹತ್ತಿ.

ಮೂಲ ಆಧಾರ್ ಕಾರ್ಡ್ ಜೊತೆಗೆ ಒಂದು ಜೆರಾಕ್ಸ್ ಇರಲಿ. ಮೊಬೈಲ್ ಒಳಗೆ ಬಿಡುವುದಿಲ್ಲ. ಬಟ್ಟೆ ಒಯ್ದರೆ ಮಡಿಕೆ, ಹೊಲಿಗೆಯನ್ನೂ ತಡವಿ ನೋಡುತ್ತಾರೆ. ಅದರಲ್ಲಿ ಬೀಡಿ, ಗುಟ್ಕಾ ಸಿಕ್ಕರೆ ತೊಂದರೆ ನಿಮಗೂ ಒಳಗಿದ್ದವರಿಗೂ. ಮಾತ್ರೆಯನ್ನು ವೈದ್ಯರ ಚೀಟಿಯ ಸಮೇತ ಜೈಲಿನ ಸಿಬ್ಬಂದಿಗೇ ಒಪ್ಪಿಸಿ. ಹಣವನ್ನು ಕೈಗೆ ಕೊಡುವಂತಿಲ್ಲ, ಕಚೇರಿಯಲ್ಲಿ ಬಂದಿಯ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ.

ಮಾತಿಗೆ ಸಿಗುವುದು ಕೆಲವೇ ನಿಮಿಷ, ಅದರಲ್ಲೂ ಅರ್ಧ ಅಳುವಿನಲ್ಲೇ ಕಳೆಯುತ್ತದೆ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಜಾಮೀನಿಗೆ ಯಾರ ಪಹಣಿ ಸಿಗುತ್ತದೆ, ವಕೀಲರಿಗೆ ವಾದಿಸಲು ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಆಗಿದೆಯೇ, ಒಳಗೆ ಆರೋಗ್ಯ ಹೇಗಿದೆ. ಕಾಗದವನ್ನೂ ಬರೆಯಿರಿ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳುತ್ತಾರೆ. ಆದರೆ ಅಧಿಕಾರಿಗಳು ತೆರೆದು ನೋಡುವುದರಿಂದ ಪ್ರಕರಣದ ಗುಟ್ಟನ್ನು ಅದರಲ್ಲಿ ಬರೆಯಬೇಡಿ, ಅದನ್ನು ವಕೀಲರ ಮೂಲಕವೇ ತಿಳಿಸಿ.

ಮನೆಯವರನ್ನು, ವಕೀಲರನ್ನು ಕಾಣುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಕಾರಣ ಹೇಳದೆ ಭೇಟಿ ನಿರಾಕರಿಸಿದರೆ ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಅಧೀಕ್ಷಕರ ಹೆಸರಿಗೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅದನ್ನು ಹಿಡಿದು ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ವಕೀಲರನ್ನು ಇಟ್ಟುಕೊಳ್ಳಲು ದುಡ್ಡಿಲ್ಲದಿದ್ದರೆ ಅದನ್ನೂ ಅಲ್ಲೇ ಹೇಳಿ, ಜೈಲಿನಲ್ಲಿರುವವರಿಗೆ ಉಚಿತ ವಕೀಲರನ್ನು ನೇಮಿಸಿಕೊಡುತ್ತಾರೆ.